ಚೆಕಿಂಗ್ ಅಕ್ಕ ತಿದ್ದಿಕೊಂಡ ಮಾತು

ಕಣ್ಣು ಮುಚ್ಚಿಕೊಂಡು ಬಟ್ಟೆಯ ತಪ್ಪು ಹಿಡಿಯುವವರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ತೆಲುಗು ಸೀಮೆಯ ಗಡಿಯಲ್ಲಿರುವ ರಾಯದುರ್ಗದ ಒಂದು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ, ತಗಡಿನ ಛಾವಣಿಯ ಕೆಳಗೆ, ಉದ್ದನೆಯ ಮೇಜಿನ ತುದಿಗೆ ಆಕೆ ನಿಂತಿರುತ್ತಿದ್ದಳು. ಹೊಲಿದು ಬಂದ ಪ್ಯಾಂಟನ್ನು ತಿರುವಿ ಹಾಕಿ ಒಳಗಾಲಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತ ಹೋಗುವಳು. ಆಗ ಅವಳ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಹೊಲಿಗೆ ಹಾರಿದ ಕಡೆ ಬೆರಳು ನಿಲ್ಲುತ್ತಿತ್ತು. "ಇಲ್ಲಿ ನಿದ್ದಿ ಮಾಡ್ಯಾನ ನೋಡು," ಎಂದು ಸೀಮೆಸುಣ್ಣದಲ್ಲಿ ಗೀಟೆಳೆದು ಪ್ಯಾಂಟನ್ನು ಮೂಲೆಗೆ ಎಸೆಯುವಳು.

ಹೊಲಿಗೆಯಲ್ಲಿ ತಪ್ಪಿದೆಯೇ ಎಂದು ನೋಡುವ ಕೆಲಸಕ್ಕೆ ಅಲ್ಲಿ ಚೆಕಿಂಗ್ ಎನ್ನುತ್ತಾರೆ. ಆ ಮೇಜಿನ ಹತ್ತು ಹನ್ನೆರಡು ಹೆಂಗಸರ ಮೇಲೆ ಆಕೆಯೇ ಹಿರಿಯಳು. ಹಾಗಾಗಿ ಎಲ್ಲರಿಗೂ ಚೆಕಿಂಗ್ ಅಕ್ಕ. ಸಾವಕಾರರಿಂದ ಹಿಡಿದು ಚಹಾ ತರುವವನವರೆಗೆ ಯಾರೂ ಆಕೆಯನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ಹೋದ ತಿಂಗಳು ಆಕೆ ತೀರಿಕೊಂಡಳು. ಮಾತನಾಡಿಸಲು ಹೋದಾಗ ಆ ಮನೆಯಲ್ಲಿ ನಾಲ್ಕು ಜನ ಆಡಿದ ಹೊಗಳಿಕೆ ಕೇಳಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಡಕಶಿರಾ ಕಡೆಯವಳು. ಅಪ್ಪ ಹೋದ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ರಾಯದುರ್ಗದಲ್ಲಿದ್ದ ಸೋದರಮಾವನ ಹತ್ತಿರ ಬಂದಳು. ಬೆಳಿಗ್ಗೆ ಡಿಗ್ರಿ ಕಾಲೇಜು, ಮಧ್ಯಾಹ್ನದಿಂದ ಯೂನಿಟ್ಟು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಅದು ಯಾರೂ ಕೈಯೆತ್ತಿ ಕೊಟ್ಟದ್ದಲ್ಲ. ಆದರೆ ಕೊಡದಿದ್ದರೂ ಕಿತ್ತುಕೊಳ್ಳದಂತೆ ಕಾವಲು ಕೂತವರಿದ್ದರು. ಅವರಲ್ಲಿ ಅಕ್ಕ ಒಬ್ಬಳು.

ನಾನು ಕೆಲಸಕ್ಕೆ ಸೇರಿದ ದಿನ ಅಕ್ಕನಿಗೆ "ನೀನ್ ಹೇಳ್ದಂಗೆ ಮಾಡ್ತೀನಿ ಕಣಕ್ಕಾ" ಎಂದದ್ದಕ್ಕೆ ಇಡೀ ಮೇಜು ನಕ್ಕಿತ್ತು.

"ಎಲ್ಲಿಂದ ಹಿಡ್ಕೊಂಡು ಬಂದೀರವ್ವ ಈ ಕಣಕ್ಕನ್ನ?" ಎಂದಳು ಗುಂಡಿ ನೋಡುವವಳೊಬ್ಬಳು. "ದೊಡ್ಡಾಕಿಗೆ ನೀನು ಅಂತಾಳ, ರೀ ಹಚ್ಚಾಕ ಬರಂಗಿಲ್ಲೇನು?"

"ಆಕಿ ಊರಾಗ ಹಂಗ ಅಂತಾರ, ಬಿಡ್ರಿ," ಎಂದಳು ಅಕ್ಕ. "ರೀ ಹಚ್ಚಿ ಬೈಯೋದಕ್ಕಿಂತ ನೀನು ಅಂದು ಪ್ರೀತಿ ಮಾಡೋದು ಚೊಲೊ. ಏನವ್ವಾ ಕಣಕ್ಕಾ, ಕತ್ತರಿ ಹಿಡಿಯಾಕ ಬರುತ್ತೇನು?"

ಅಂದಿನಿಂದ ನಾನು ಕಣಕ್ಕ ಆದೆ.

ಅಕ್ಕನ ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕುತ್ತಿಗೆಯಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸಣ್ಣ ಕತ್ತರಿ. ಓದಿದ್ದು ಮೂರನೇ ಕ್ಲಾಸು. ಗಂಡನದು ಒಂದು ಕಿರಾಣಿ ಅಂಗಡಿ. ಮಾತು ಕಡಿಮೆಯ ಮನುಷ್ಯ. "ಮನ್ಯಾಗ ಇಬ್ಬರ ಪಾಲಿಂದೂ ನಾನೇ ಮಾತಾಡಬೇಕು, ಅದಕ್ಕ ನನ್ನ ಬಾಯಿ ಇಷ್ಟು ಪಳಗೈತಿ," ಎನ್ನುತ್ತಿದ್ದಳು. ಬಾಯಿ ನಿಜವಾಗಿ ಪಳಗಿತ್ತು. ಕರೆಂಟು ಹೋದರೆ ಕರೆಂಟಿನವರ ಮೂರು ತಲೆಮಾರನ್ನು ಬೈಯುವಳು. ದಾರ ಕಡಿದರೆ ದಾರವನ್ನು ಬೈಯುವಳು. ಹೆಂಗಸರ ಪಾಯಿಖಾನೆಗೆ ಒಳಚಿಲಕ ಹಾಕಿಸಿಕೊಡಲು ಸಾವಕಾರರು ಎರಡು ತಿಂಗಳು ಎಳೆದಾಗ, ಒಂದು ಬೆಳಿಗ್ಗೆ ಅವರ ಆಫೀಸು ಕೋಣೆಯ ಚಿಲಕವನ್ನೇ ಸ್ಕ್ರೂ ಬಿಚ್ಚಿ ತಂದು ಅಲ್ಲಿಗೆ ಹಾಕಿಸಿದಳು. ಸಾವಕಾರರು ಕೂಗಾಡಿದರು. "ನಿಮಗ ಬಾಗಲ ತೆರದು ಕುಂತ್ರ ಏನಾಗತೈತ್ರಿ? ಗಾಳಿ ಬರತೈತಿ," ಎಂದಳು.

ನನ್ನ ಪರೀಕ್ಷೆಯ ದಿನಗಳಲ್ಲಿ ಸಾವಕಾರರು ತೆಲುಗಿನಲ್ಲಿ "ಆ ಪಿಲ್ಲ ರಾಲೇದಾ?" ಎಂದು, ಆ ಹುಡುಗಿ ಬರಲಿಲ್ಲವೇ ಎಂದು ಕೇಳಿದರೆ, "ಪರೀಕ್ಷೆ ಬರೀತಾಳ್ರಿ ಸಾವಕಾರ್ರ, ಆಕಿ ಪಾಲು ನಾನು ನೋಡ್ತೀನಿ," ಎಂದು ನನ್ನ ಬಂಡಲುಗಳನ್ನೂ ತಾನೇ ಮುಗಿಸುತ್ತಿದ್ದಳು. ನಾನು ಮೇಜಿನ ಮೇಲೆ ಪ್ಯಾಂಟಿನ ಕೆಳಗೆ ಪುಸ್ತಕ ತೆರೆದಿಟ್ಟುಕೊಂಡರೆ ಆಕೆಗೆ ಗೊತ್ತಾಗುತ್ತಿತ್ತು. ಯಾರಾದರೂ ಬರುವ ಸದ್ದಾದರೆ ಜೋರಾಗಿ ಕೆಮ್ಮುವಳು. ಮಧ್ಯಾಹ್ನದ ಊಟದ ಡಬ್ಬಿ ತೆರೆದರೆ ಮೊದಲು ಕೈ ಹಾಕುವುದು ನನ್ನ ಡಬ್ಬಿಗೆ. ಅಮ್ಮನ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಎಂದರೆ ಪ್ರಾಣ. ನನಗೆ ಅವಳ ಡಬ್ಬಿಯ ಉಗ್ಗಾಣಿ, ಮಂಡಕ್ಕಿಯ ಒಗ್ಗರಣೆ.

ಇಂಥವಳ ಬಾಯಲ್ಲಿ ಆ ಮಾತಿತ್ತು.

ಮೂಲೆಯ ವಿಷಯಕ್ಕೆ ಬರುತ್ತೇನೆ. ಹೊಲಿಗೆ ಹಾರಿದ್ದು, ಎಣ್ಣೆ ಕಲೆಯಾದದ್ದು, ಜಿಪ್ಪು ಸೊಟ್ಟಗಾದದ್ದು, ಎಲ್ಲವನ್ನೂ ಎಸೆಯುವ ಮೂಲೆ. ಒಳ್ಳೆಯ ಮಾಲಿಗೆ ತಾಗಬಾರದೆಂದು ನಾಲ್ಕು ಅಡಿ ದೂರ. ಒಳ್ಳೆಯ ಮಾಲಿನ ರಾಶಿಗೆ ಆ ಯೂನಿಟ್ಟಿನಲ್ಲಿ 'ಊರು' ಎಂದು ಹೆಸರು. ಕೆಟ್ಟ ಮಾಲಿನ ಮೂಲೆಗೆ ಊರ ಹೊರಗಿನ ಒಂದು ಕೇರಿಯ ಹೆಸರು, ಮುಂದೆ ಆ ಕೇರಿಯ ಜಾತಿ ಸೇರಿಸಿ. ಜಾತಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. 'ಕೇರಿ' ಎಂದಷ್ಟೇ ಬರೆಯುತ್ತೇನೆ. ಅವರು ಅಷ್ಟಕ್ಕೆ ಬಿಡುತ್ತಿರಲಿಲ್ಲ ಎಂದು ತಿಳಿದುಕೊಂಡರೆ ಸಾಕು.

"ಇದನ್ನ ಕೇರಿಗೆ ಹಾಕು." "ಕೇರಿ ತುಂಬೇತಿ ನೋಡ್ರಿ, ಖಾಲಿ ಮಾಡ್ರಿ." ಕಲೆ ತೊಳೆದು, ಹೊಲಿಗೆ ಬಿಚ್ಚಿ ಸರಿಮಾಡಿ ತಂದ ಪ್ಯಾಂಟನ್ನು ಒಳ್ಳೆಯ ರಾಶಿಗೆ ಸೇರಿಸುವಾಗ ಅಕ್ಕನದೇ ಒಂದು ನಗೆಮಾತು: "ಜಳಕ ಮಾಡಿಸಿ ಊರೊಳಗ ಕರಕೊಂಡ್ವಿ, ಜ್ವಾಕಿ." ಎಲ್ಲರೂ ನಗುತ್ತಿದ್ದರು. ಆ ಯೂನಿಟ್ಟು ಶುರುವಾದಾಗಿನಿಂದ ಹಾಗೆಯೇ ಇತ್ತಂತೆ. ಯಾರು ಇಟ್ಟರೆಂದು ಯಾರಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲದಿದ್ದರೆ ಯಾರ ತಪ್ಪೂ ಅಲ್ಲ ಎಂಬ ನೆಮ್ಮದಿ ಎಲ್ಲರಿಗೂ.

ಅದು ನಮ್ಮ ಕೇರಿ. ನಮ್ಮ ಜಾತಿ. ನಾನು ಹುಟ್ಟಿದ್ದು ಅಂಥದೇ ಒಂದು ಕೇರಿಯಲ್ಲಿ.

ಯೂನಿಟ್ಟಿನಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ. ನಾನು ಮುಚ್ಚಿಡಲೂ ಇಲ್ಲ, ಹೇಳಲೂ ಇಲ್ಲ. ಯಾರಾದರೂ "ನೀವು ಯಾವ ಪೈಕಿ" ಎಂದು ಕೇಳಿದರೆ "ಮಡಕಶಿರಾ ಕಡೆ" ಎಂದು ಊರಿನ ಉತ್ತರ ಕೊಡುತ್ತಿದ್ದೆ. ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಮೊದಲ ವರ್ಷ ನಾನೂ ನಕ್ಕಿದ್ದೇನೆ. ನಾನೂ ಪ್ಯಾಂಟು ಎಸೆದು "ಕೇರಿಗೆ ಹಾಕಿದೆ ಅಕ್ಕಾ" ಎಂದಿದ್ದೇನೆ. ಕೆಲಸ ಬೇಕಿತ್ತು. ಕಾಲೇಜಿನ ಫೀಜು ಕಟ್ಟಬೇಕಿತ್ತು. ಆದರೂ ಮನೆಗೆ ಹೋಗಿ ಅಮ್ಮನ ಮುಖ ನೋಡಿ ಊಟ ಮಾಡುವುದು ಕಷ್ಟವಾಗುತ್ತಿತ್ತು.

ಅಕ್ಕನಿಗೆ ಇದು ಬೈಗುಳವೇ ಆಗಿರಲಿಲ್ಲ. ಬೈಗುಳವೆಂದು ಆಕೆ ಬೈದದ್ದಕ್ಕೆಲ್ಲ ಸಿಟ್ಟಿತ್ತು, ಬಿಸಿಯಿತ್ತು. ಆ ಮಾತಿಗೆ ಮಾತ್ರ ಏನೂ ಇರಲಿಲ್ಲ. ಬಕೀಟು, ಬಾಗಿಲು ಎನ್ನುವಂತೆ ಅನ್ನುತ್ತಿದ್ದಳು. ನನಗೆ ಚುಚ್ಚುತ್ತಿದ್ದದ್ದು ಅದೇ.

ನನ್ನ ಡಿಗ್ರಿಯ ರಿಜಲ್ಟು ಬಂದ ದಿನ ಅಕ್ಕ ಎಲ್ಲರಿಗೂ ಮಿರ್ಚಿ, ಮಂಡಕ್ಕಿ ತರಿಸಿದಳು. ನನ್ನ ಮೊಬೈಲಿನಲ್ಲಿದ್ದ ಮಾರ್ಕುಗಳನ್ನು ಮೇಜಿನ ಎಲ್ಲರಿಗೂ ತೋರಿಸಿ ಬಂದಳು, ಇಂಗ್ಲಿಷು ಓದಲು ಬಾರದಿದ್ದರೂ. "ಇನ್ನ ಕಣಕ್ಕ ಅನ್ನಬ್ಯಾಡ್ರಿ, ಮೇಡಂ ಅನ್ರಿ," ಎಂದಳು. ಮತ್ತೆ ನನ್ನ ಕಡೆ ತಿರುಗಿದಳು.

"ಮೇಡಂ, ನಿಮ್ಮವ್ವ ಇನ್ನೂ ಬೆಳುಗುಪ್ಪ ಕಡಿ ಕೂಲಿಗೆ ಹೋಗ್ತಾಳೇನು?"

"ಹೂಂ ಕಣಕ್ಕಾ. ಆಟೋದಾಗೆ ಹೋಗ್ತಾಳೆ. ಮೆಣಸಿನಕಾಯಿ ಬಿಡಿಸೋಕೆ."

"ಸಾಕು ಬಿಸಲಾಗ ಸತ್ತದ್ದು. ಸೋಮವಾರದಿಂದ ಇಲ್ಲಿ ದಾರ ಕತ್ತರಿಸಾಕ ಕರಕೊಂಡು ಬಾ. ಸಾವಕಾರ್ರಿಗೆ ಹೇಳೀನಿ. ನೆಳ್ಳಾಗ ಕುಂತು ಮಾಡೋ ಕೆಲಸ. ಆ ಮೂಲಿ ಹತ್ರ ಫ್ಯಾನು ಐತಿ, ಅಲ್ಲೇ ಕುಂದ್ರಿಸ್ತೀನಿ."

ಯಾವ ಮೂಲೆ? ಕೆಟ್ಟ ಮಾಲಿನ ಮೂಲೆ. ಅಮ್ಮ ಅದರ ಪಕ್ಕದಲ್ಲೇ ಕೂರುವಳು. ದಿನಕ್ಕೆ ನೂರು ಸಲ ಪ್ಯಾಂಟುಗಳು ಅವಳ ತಲೆಯ ಮೇಲಿಂದ ಹಾರಿ ಬೀಳುವವು, ಪ್ರತಿಯೊಂದರ ಹಿಂದೆ ಆ ಹೆಸರೂ ಹಾರಿ ಬರುವುದು.

ಮನೆಗೆ ಹೋಗಿ ಹೇಳಿದರೆ ಅಮ್ಮನ ಮುಖ ಹಿಗ್ಗಿತು. "ಕುಂತ್ಕೊಂಡು ಮಾಡಾದಾ? ಫ್ಯಾನ್ ಕೆಳಗಾ?" ಎಂದು ಎರಡೆರಡು ಸಲ ಕೇಳಿದಳು. ಮೆಣಸಿನಕಾಯಿಯ ಉರಿಗೆ ಅವಳ ಬೆರಳುಗಳು ರಾತ್ರಿಯೆಲ್ಲ ಸುಡುತ್ತಿದ್ದವು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಉಳಿದಿದ್ದ ದಾರಿ ಒಂದೇ. ಸೋಮವಾರದೊಳಗೆ ಅಕ್ಕನಿಗೆ ಹೇಳುವುದು.

ಶನಿವಾರ ಮಧ್ಯಾಹ್ನ ಕರೆಂಟು ಹೋಯಿತು. ಮಿಷಿನ್ನುಗಳೆಲ್ಲ ಒಮ್ಮೆಗೇ ನಿಂತವು. ಎಲ್ಲರೂ ಗಾಳಿಗೆಂದು ಹೊರಗೆ ಹೋದರು. ಅಕ್ಕ ಒಬ್ಬಳೇ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ನನಗೆ ಬೈಯುವ ಮನಸ್ಸಿರಲಿಲ್ಲ. ಆಕೆಗೆ ನೋವಾಗದಂತೆ ಹೇಳಬೇಕೆಂದು ಎರಡು ದಿನದಿಂದ ಮಾತು ಜೋಡಿಸಿಕೊಂಡಿದ್ದೆ. ಈಗ ಯೋಚಿಸಿದರೆ ಅದಕ್ಕೂ ಸಿಟ್ಟು ಬರುತ್ತದೆ. ಬೈಸಿಕೊಳ್ಳುವವರು ನಾವು, ನೋವಾಗದಂತೆ ಹೇಳುವ ಕೆಲಸವೂ ನಮ್ಮದೇ!

"ಅಕ್ಕಾ, ಆ ಮೂಲೆಗೆ ಒಂದು ಹೆಸರೈತಲ್ಲ, ಅದನ್ನ ಬಿಡಬೋದಾ?"

"ಯಾವ ಹೆಸರು?" ಆಕೆಗೆ ನಿಜವಾಗಿ ಹೊಳೆಯಲಿಲ್ಲ. ನಾನು ಹೇಳಿದೆ. "ಅಯ್ಯ, ಅದಾ! ಅದು ಮಾತಿಗೆ ಅಂತೀವಿ. ಯಾರನ್ನ ಬೈದ್ವಿ? ಪ್ಯಾಂಟಿಗೆ ಅಂದ್ರ ಪ್ಯಾಂಟಿಗೆ ಬ್ಯಾಸರ ಆಗತೈತೇನು?"

"ಆ ಕೇರಿಯೋರು ಕೇಳಿಸ್ಕೊಂಡ್ರೆ?"

"ಇಲ್ಲಿ ಯಾರು ಅದಾರವ್ವ ಆ ಕೇರ್ಯೋರು?"

"ನಾನಿದೀನಿ ಅಕ್ಕಾ. ಅದು ನಮ್ಮ ಕೇರಿ. ಸೋಮವಾರ ನಮ್ಮಮ್ಮ ಬಂದು ಅದರ ಪಕ್ಕ ಕೂರ್ತಾಳೆ."

ಅಕ್ಕನ ಕೈ ಕತ್ತರಿಯ ದಾರದ ಮೇಲೆ ಹಾಗೇ ನಿಂತಿತು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನೀ ಹಂಗ ಕಾಣಂಗಿಲ್ಲಲ್ಲ," ಎಂದಳು.

"ಹೆಂಗೆ ಕಾಣಬೇಕಿತ್ತು ಅಕ್ಕಾ?"

ಅಕ್ಕ ಕತ್ತರಿಯನ್ನು ಸೆರಗಿನೊಳಗೆ ಸೇರಿಸಿದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ ಎಂದು ನನಗೂ ಗೊತ್ತು. ಹೊಗಳಿಕೆಯೆಂದೇ ಅಂದಳು. ಆ ಹೊಗಳಿಕೆಯಲ್ಲಿ ನನ್ನ ಅಮ್ಮ, ಮಾವ, ಕೇರಿಯ ಅಷ್ಟೂ ಮಂದಿ ಕೆಟ್ಟ ಮಾಲಾಗಿ ಮೂಲೆಗೆ ಬಿದ್ದರು. ಅಕ್ಕ ಮೇಜಿನಿಂದ ಇಳಿದು, "ಆತು ಬಿಡು. ನಾ ನೋಡ್ಕೊಂತೀನಿ," ಎಂದಳು. ಅಷ್ಟರಲ್ಲಿ ಕರೆಂಟು ಬಂತು.

ಸೋಮವಾರ ಅಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಳು. ಅಕ್ಕ ಬಾಗಿಲಿಗೇ ಬಂದು, "ಬರ್ರಿ ಬರ್ರಿ, ಮೇಡಂ ಅವರ ತಾಯಿಯವರು," ಎಂದು ಕರೆದು ಫ್ಯಾನಿನ ಕೆಳಗೆ ಗೋಣಿಚೀಲ ಹಾಸಿ ಕೂರಿಸಿ, ಕೈಗೆ ಕತ್ತರಿ ಕೊಟ್ಟಳು. ಆಮೇಲೆ ಎರಡು ಸಲ ಚಪ್ಪಾಳೆ ತಟ್ಟಿದಳು. ಟೇಲರುಗಳು ಮಿಷಿನ್ನು ನಿಲ್ಲಿಸಿದರು.

"ಕೇಳ್ರಿ ಎಲ್ಲಾರೂ. ಇವತ್ತಿಂದ ಆ ಮೂಲೀ ಹೆಸರು ಯಾರೂ ಅನಬ್ಯಾಡ್ರಿ. ನಮ್ಮ ಮೇಡಂ ಅದಾ ಜನ ಅಂತ. ಈಗ ಅವರ ಅವ್ವನೂ ಬಂದು ಕುಂತಾರ. ಅವರ ಮುಂದ ಅಂದ್ರ ಬ್ಯಾಸರ ಮಾಡ್ಕೊಂತಾರ."

ಯೂನಿಟ್ಟಿನ ಅಷ್ಟೂ ಕಣ್ಣುಗಳು ಮೊದಲು ನನ್ನ ಮೇಲೆ, ಆಮೇಲೆ ಅಮ್ಮನ ಮೇಲೆ. ಅಮ್ಮನಿಗೆ ಏನೂ ಅರ್ಥವಾಗದೆ ಕತ್ತರಿ ಹಿಡಿದುಕೊಂಡೇ ನಕ್ಕಳು. ಅಕ್ಕ ನನ್ನ ಕಡೆ ನೋಡಿ ತಲೆಯಾಡಿಸಿದಳು, ಹೇಳಿದ ಕೆಲಸ ಮಾಡಿದೆ ನೋಡು ಎಂಬಂತೆ.

ನನಗೆ ಭೂಮಿಗೆ ಇಳಿದುಹೋಗುವಂತಾಯಿತು. ಮಾತು ತಪ್ಪೆಂದು ಆಕೆ ಹೇಳಲಿಲ್ಲ. ನಮಗೆ ಬೇಸರವಾಗುತ್ತದೆ ಎಂದಳು. ಅಂದರೆ ರೋಗ ಆ ಮಾತಿಗಲ್ಲ, ನಮಗೆ!

ಅಂದು ಮಧ್ಯಾಹ್ನ ಡಬ್ಬಿ ತೆರೆದೆ. ನನಗೆ ಗೊತ್ತಿಲ್ಲದೆಯೇ ನನ್ನ ಕಣ್ಣು ಅಕ್ಕನ ಕೈಯ ಮೇಲಿತ್ತು. ಆಕೆ ರೊಟ್ಟಿ ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು. "ಏನ್ ನೋಡ್ತಿ? ತಿಂತೀನೋ ಇಲ್ಲೋ ಅಂತೇನು?" ಎಂದು ಗದರಿದಳು. ನನಗೆ ನಾಚಿಕೆಯಾಯಿತು. ಆದರೆ ಮೇಜಿನ ಆ ತುದಿಯಲ್ಲಿ ಗುಂಡಿ ನೋಡುವವಳು ತನ್ನ ನೀರಿನ ಬಾಟಲಿಯನ್ನು ಸದ್ದಿಲ್ಲದೆ ಮೊಣಕಾಲ ಹತ್ತಿರ ಎಳೆದುಕೊಂಡದ್ದನ್ನೂ ಕಂಡೆ.

ಸಂಜೆ ದಾರಿಯಲ್ಲಿ ಅಮ್ಮ ಕೇಳಿದಳು, "ಏನ್ ಮಗಾ ಅದು, ಯಾವ್ದೋ ಹೆಸ್ರು ಅನ್ಬ್ಯಾಡಿ ಅಂದ್ರಲ್ಲ?"

ಹೇಳಿದೆ.

"ಇಷ್ಟೇನಾ? ಹುಟ್ಟಿದಾಗಿಂದ ಕೇಳಿಲ್ವಾ ನಾನು."

"ನಿಂಗೆ ಏನೂ ಅನ್ಸಲ್ವೇನಮ್ಮಾ?"

"ಅನ್ಸದೇ ಇರ್ತೈತಾ? ನಂಗೂ ಚುಚ್ಚಾದು ಕಣೆ. ಯಾರ್‌ಗೆ ಹೇಳಾನ? ನೀನು ನಾಕಕ್ಷರ ಕಲ್ತೆ, ನಿಂಗೆ ಹೇಳಾಕೆ ಬಾಯಿ ಬಂತು."

ಮಾರನೆಯ ದಿನ ನನಗಿಂತ ಮೊದಲೇ ಹೊರಟು ನಿಂತಿದ್ದಳು. "ಅವ್ರು ಅಂತಾರೆ ಅಂತ ನೆಳ್ಳು ಬಿಡಾಕಾಯ್ತದಾ?" ಎಂದಳು.

ಮಾತು ನಿಲ್ಲಲಿಲ್ಲ. ದನಿ ಇಳಿಯಿತು ಅಷ್ಟೇ. ನಾನು ನೀರು ಕುಡಿಯಲು ಹೋಗಿ ಬಂದರೆ ಅರ್ಧ ಮಾತು ಬಾಗಿಲಲ್ಲೇ ತುಂಡಾಗುತ್ತಿತ್ತು. ಕಣ್ಣು ಮಿಟುಕಿಸಿ "ಆ ಕಡಿ ಹಾಕು" ಎನ್ನುವರು. ಗುರುವಾರ ಜಿಪ್ಪು ಹಾಕುವ ಟೇಲರು, ಎಲ್ಲರನ್ನೂ ನಗಿಸುವ ಆಸಾಮಿ, ಒಂದು ಪ್ಯಾಂಟು ಎತ್ತಿ ಹಳೆಯ ಹೆಸರನ್ನೇ ಜಾತಿ ಸಮೇತ ಕೂಗಿ ಎಸೆದ. ಆಮೇಲೆ ನಾಲಿಗೆ ಕಚ್ಚಿಕೊಂಡು, ಅಮ್ಮನ ಕಡೆ ತಿರುಗಿ, ನಾಟಕದವರಂತೆ ಕೈ ಮುಗಿದು, "ತಪ್ಪಾತು ತಾಯೀ, ನೀವು ಕುಂತದ್ದು ನೋಡ್ಲಿಲ್ಲ," ಎಂದ. ಎಲ್ಲರೂ ನಕ್ಕರು. ಅಕ್ಕನ ತುಟಿಯಲ್ಲೂ ಒಂದು ನಗೆಯ ಎಳೆ ಹಾದುಹೋಯಿತು.

ಅದನ್ನು ನಾನು ಕಂಡೆ. ಮೆಲ್ಲಗೆ ಹೇಳುವ ಕಾಲ ಅಲ್ಲಿಗೆ ಮುಗಿಯಿತು.

"ಅಕ್ಕಾ," ಎಂದೆ. ನನ್ನ ದನಿ ಮಿಷಿನ್ನುಗಳ ಮೇಲೂ ಕೇಳಿತು. "ನಮ್ಮ ಮುಂದೆ ಅನ್ಬೇಡಿ ಅಂದೆ ನೀನು. ನಾವು ಇಲ್ಲದಾಗ ಅನ್ನಬೋದಾ? ನಾವು ಎದ್ದು ಹೋದ್ರೆ ಆ ಮಾತು ಒಳ್ಳೇದಾಗ್ತೈತಾ?"

"ನಿನ್ನ ಸಲುವಾಗೇ ಅಂದೆನವ್ವ ನಾನು."

"ನನ್ನ ಸಲುವಾಗಿ ಬೇಡ! ನಾನು ಈ ಯೂನಿಟ್ಟಿಗೆ ಬಂದೇ ಇರಲಿಲ್ಲ ಅಂದ್ಕೋ. ಆಗಲೂ ಅದು ಕೆಟ್ಟ ಮಾತೇ. ಆ ಪ್ಯಾಂಟು ಕೆಡಿಸಿದ್ದು ಯಾರು? ನಮ್ಮ ಕೇರಿಯೋರು ಬಂದು ಕೆಡಿಸಿದ್ರಾ? ಈ ಮಿಷಿನ್ನು ಕೆಡಿಸ್ತು, ಈ ಕೈಗಳು ಕೆಡಿಸಿದವು. ಹೆಸರು ಮಾತ್ರ ನಮ್ಮದು ಯಾಕೆ?"

ಅಕ್ಕನ ಮುಖ ಕಪ್ಪಿಟ್ಟಿತು. "ಹಿಂಗ ಹತ್ತು ಮಂದಿ ಮುಂದ ಮಾನ ಕಳೀತಿ ಅಂದ್ಕೊಂಡಿದ್ದಿಲ್ಲ," ಎಂದು ಬೆನ್ನು ತಿರುಗಿಸಿದಳು.

ಹತ್ತು ಮಂದಿ ಮುಂದೆ. ಸೋಮವಾರ ಅಮ್ಮನ ಮಾನ ಎಷ್ಟು ಮಂದಿಯ ಮುಂದೆ ಹೋಯಿತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಪರೀಕ್ಷೆಯ ದಿನಗಳ ಆ ಬಂಡಲುಗಳು ನೆನಪಾದವು. ಉಪಕಾರ ಮಾಡಿದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟ. ಅರ್ಧ ಸಿಟ್ಟು ನಮ್ಮ ಮೇಲೆಯೇ ತಿರುಗುತ್ತದೆ.

ಎಂಟು ದಿನ ನಮ್ಮಿಬ್ಬರಿಗೂ ಮಾತಿಲ್ಲ. ಅಕ್ಕ ಡಬ್ಬಿ ತೆಗೆದುಕೊಂಡು ಹೊರಗೆ ಕಟ್ಟೆಯ ಮೇಲೆ ಒಬ್ಬಳೇ ಉಣ್ಣುವಳು. ಅಮ್ಮ ಮಾತ್ರ ದಿನವೂ ಎರಡು ರೊಟ್ಟಿ ಹೆಚ್ಚು ಕಟ್ಟುತ್ತಿದ್ದಳು. "ಅವ್ರು ಬಿಟ್ರೆ ಬಿಡ್ಲಿ, ನಾವು ತಂದಿಲ್ಲ ಅನ್ಬಾರ್ದು," ಎಂದು. ನನಗೆ ಅದೂ ಸಿಟ್ಟೇ.

ಒಂಬತ್ತನೆಯ ದಿನವೋ ಹತ್ತನೆಯದೋ, ಬಳ್ಳಾರಿಯಿಂದ ಮಾಲು ಕೊಳ್ಳುವವರು ಬರುವುದಿತ್ತು. ಸಾವಕಾರರು ಅವಸರದಲ್ಲಿ ಒಳಗೆ ಬಂದು, "ಎಷ್ಟು ಬಿದ್ದಾವಮ್ಮ ಕೇರ್ಯಾಗ?" ಎಂದು ಜಾತಿ ಸೇರಿಸಿಯೇ ಕೇಳಿದರು. ಅವರಿಗೆ ಯಾರು ಹೇಳಿದ್ದರು? ಟೇಲರುಗಳು ಕಿಸಕ್ಕೆಂದರು.

ಅಕ್ಕ ಕೈಯಲ್ಲಿದ್ದ ಪ್ಯಾಂಟು ಕೆಳಗಿಟ್ಟಳು. "ಇಲ್ಲಿ ಕೇರಿ ಇಲ್ರಿ ಸಾವಕಾರ್ರ."

"ಅದೇನಮ್ಮ, ಆ ಮೂಲೀದು…"

"ಅದು ನನ್ನ ಮನಿ ಅಂತ ತಿಳ್ಕೋರಿ. ಹೊಲಿದೋರು ಇವರು, ನೋಡಿ ಒಗದಾಕಿ ನಾನು. ಕೆಟ್ಟಿದ್ದು ನಮ್ಮಿಂದ. ಬ್ಯಾರೆ ಯಾರ ಹೆಸರು ಯಾಕ ಹಚ್ಚೂದು? ಹೆಸರು ಬೇಕೇ ಬೇಕಂದ್ರ ನನ್ನ ಹೆಸರು ಇಡ್ರಿ. ಇಷ್ಟು ದಿನ ಅಂದಾಕಿ ನಾನಾ, ಮೊದಲು ನನಗಾ ಹತ್ತಲಿ."

ಜಿಪ್ಪಿನ ಟೇಲರು ಬಿಡುತ್ತಾನೆಯೇ? "ಹಂಗಾದ್ರ ಇವತ್ತಿಂದ ಅಕ್ಕನ ಮನಿ! ಹಾಕ್ರಿ ಅಕ್ಕನ ಮನಿಗೆ!" ಎಂದು ಎರಡು ಪ್ಯಾಂಟು ಎಸೆದ. ನಕ್ಕರೆಂದರೆ, ಅಂಥ ನಗೆ. ಅಕ್ಕ ನಗಲಿಲ್ಲ, ಬೈಯಲೂ ಇಲ್ಲ. ಪಳಗಿದ ಬಾಯಿ ಮುಚ್ಚಿಕೊಂಡು ಆ ಎರಡು ಪ್ಯಾಂಟುಗಳ ಮೇಲೆ ಹೆಬ್ಬೆರಳು ಆಡಿಸಿದಳು.

ಆ ಹೆಸರು ನಿಂತಿತು. ಆಕೆ ಇದ್ದಷ್ಟು ದಿನ ಕೆಟ್ಟ ಮಾಲಿಗೆ ಅಕ್ಕನ ಮನೆ ಎಂದೇ ಹೆಸರು. ಬೇರೆ ಯೂನಿಟ್ಟುಗಳಿಗೂ ಹಬ್ಬಿತು. ಚಹಾದ ಅಂಗಡಿಯಲ್ಲಿ ಟೇಲರುಗಳು ಸೊಟ್ಟ ಪ್ಯಾಂಟು ಹಾಕಿಕೊಂಡವನನ್ನು ಕಂಡರೆ "ಅಕ್ಕನ ಮನ್ಯಾಗಿಂದ ಬಂದಾನ" ಎನ್ನುತ್ತಿದ್ದರು. ರಾಯದುರ್ಗದಲ್ಲಿ ಅತ್ಯಂತ ಚೊಕ್ಕಟವಾಗಿ ಕೆಲಸ ಮಾಡುತ್ತಿದ್ದವಳ ಹೆಸರು ಹೊಲಸು ಮಾಲಿಗೆ ಅಂಟಿತು. ಆಕೆ ಅದನ್ನು ಕಿತ್ತೆಸೆಯಲು ಒಂದು ದಿನವೂ ನೋಡಲಿಲ್ಲ.

ಬಾಯಿ ಒಂದೇ ದಿನಕ್ಕೆ ತಿದ್ದಿಕೊಂಡಿತೆಂದು ತಿಳಿಯಬೇಡಿ. ಇಪ್ಪತ್ತು ವರ್ಷದ ರೂಢಿ. ಕೆಲಸದ ಭರದಲ್ಲಿ ಹಳೆಯ ಮಾತು ಜಾರಿಬಿಡುತ್ತಿತ್ತು. ಜಾರಿದಾಗಲೆಲ್ಲ ಆಕೆ ತಾನೇ ಹೋಗಿ ಆ ಪ್ಯಾಂಟು ಎತ್ತಿಕೊಂಡು, ಅಮ್ಮನ ಪಕ್ಕ ಗೋಣಿಚೀಲದ ಮೇಲೆ ಕೂತು, ತಪ್ಪು ಹೊಲಿಗೆಯನ್ನು ಒಂದೊಂದೇ ಬಿಚ್ಚುತ್ತಿದ್ದಳು. ಅದು ಆಕೆಯ ಕೆಲಸವಾಗಿರಲಿಲ್ಲ. ಯಾರೂ ಹೇಳಿರಲಿಲ್ಲ. ಮೊದಲ ವಾರ ಐದಾರು ಪ್ಯಾಂಟು ಬಿಚ್ಚಿದಳು. ಆಮೇಲೆ ವಾರಕ್ಕೊಂದು. ಆಮೇಲೆ ತಿಂಗಳಿಗೊಂದೋ ಎರಡೋ. ಅಮ್ಮ "ಬಿಡಕ್ಕಾ, ನಾನು ಬಿಚ್ತೀನಿ ಕೊಡು" ಎಂದರೆ, "ನಿಮ್ಮ ಕೈ ಸುಮ್ಮನಿರ್ಲಿ, ಇದು ನನ್ನ ಬಾಯಿ ಮಾಡಿದ ಕೆಲಸ" ಎನ್ನುವಳು.

ನನಗೆ ತಪ್ಪಾಯಿತು ಎಂದು ಆಕೆ ಯಾವತ್ತೂ ಹೇಳಲಿಲ್ಲ. ನಾನು ಉಪಕಾರವಾಯಿತು ಎಂದೂ ಹೇಳಲಿಲ್ಲ. ಹೇಳಬೇಕಾದದ್ದಲ್ಲ ಅದು. ನಮಗೆ ಸಲ್ಲಬೇಕಾದದ್ದು ಸಂದಿತು. ಒಂದು ದಿನ ಕಟ್ಟೆಯಿಂದ ಎದ್ದು ಬಂದು ಮತ್ತೆ ನಮ್ಮ ಡಬ್ಬಿಗೆ ಕೈ ಹಾಕಿದಳು. "ಹುಚ್ಚೆಳ್ಳು ಮುಗದೈತೇನು? ಬರೇ ಶೇಂಗಾ ಚಟ್ನಿ ತಂದೀರಿ," ಎಂದು ಜಗಳ ತೆಗೆದಳು. ಅಲ್ಲಿಗೆ ಆಯಿತು.

ಆಮೇಲೆ ನನಗೆ ಅಮರಾಪುರದ ಹತ್ತಿರ ಗ್ರಾಮ ಸಚಿವಾಲಯದಲ್ಲಿ, ಅಂದರೆ ಊರಿನ ಸರ್ಕಾರಿ ಆಫೀಸಿನಲ್ಲಿ, ಕೆಲಸ ಸಿಕ್ಕಿತು. ಅಮ್ಮನನ್ನೂ ಕರೆದುಕೊಂಡು ಬಂದೆ. ಅಕ್ಕ ಫೋನು ಮಾಡಿದರೆ ಮೊದಲು ಕೇಳುವುದು, "ಮೇಡಂ, ಆಫೀಸಿನ್ಯಾಗ ಯಾರಾದ್ರೂ ಏನಾರ ಅಂತಾರೇನು?" ಹೂಂ ಎಂದರೆ ಮುಂದಿನ ಬಸ್ಸಿಗೇ ಬಂದು ಜಗಳವಾಡುವ ದನಿ.

ಈಗ ಆ ಮನೆಯ ವಿಷಯ. ಮಣ್ಣು ಮಾಡಿದ ಮೂರನೆಯ ದಿನಕ್ಕೆ ನಾನೂ ಅಮ್ಮನೂ ಹೋಗಿ ಮುಟ್ಟಿದೆವು. ಕಿರಾಣಿ ಅಂಗಡಿಯ ಬಾಗಿಲು ಹಾಕಿತ್ತು. ಒಳಗೆ ಚಾಪೆಯ ಮೇಲೆ ಸಾವಕಾರರು, ಜಿಪ್ಪಿನ ಟೇಲರು, ಇನ್ನೂ ಕೆಲವರು. ಗೋಡೆಗೆ ಒರಗಿ ಅಕ್ಕನ ಗಂಡ, ತಲೆ ತಗ್ಗಿಸಿಕೊಂಡು.

"ಬಾಯಿ ಒರಟು, ಮನಸ್ಸು ಬಂಗಾರ," ಎಂದರು ಸಾವಕಾರರು.

"ಜಾತಿ ಗೀತಿ ಅಂತ ಒಂದಿನ ನೋಡಿದಾಕಿ ಅಲ್ರಿ ಅಕ್ಕ," ಎಂದ ಟೇಲರು, ನನ್ನನ್ನು ಸಾಕ್ಷಿಗೆ ಕರೆಯುವಂತೆ ನೋಡುತ್ತ. "ಹೌದಲ್ರೀ ಮೇಡಂ? ನಿಮ್ಮನ್ನ ಮಗಳಂಗ ನೋಡ್ಕೊಂಡ್ರು. ಅವರಿಗೆ ಅದು ತಲ್ಯಾಗೇ ಇದ್ದಿದ್ದಿಲ್ಲ."

ಎಷ್ಟು ಸಲೀಸು! ಒಂದೇ ಮಾತಿನಲ್ಲಿ ಆ ಮೂಲೆಯೂ ಇಲ್ಲ, ಆ ಹೆಸರೂ ಇಲ್ಲ, ಅವನು ಕೈ ಮುಗಿದು ನಗಿಸಿದ್ದೂ ಇಲ್ಲ. ಮನಸ್ಸು ಬಂಗಾರ ಇಲ್ಲದವರು ಯಾರಿದ್ದರು ಆ ಯೂನಿಟ್ಟಿನಲ್ಲಿ? ಕೇಳಿದರೆ ಪ್ರತಿಯೊಬ್ಬರದೂ ಬಂಗಾರವೇ. ಆ ಬಂಗಾರವನ್ನೇ ತೋರಿಸಿ ಎಲ್ಲರೂ ಬಾಯಿಯನ್ನು ಹಾಗೇ ಇಟ್ಟುಕೊಂಡರು. ಐವತ್ತು ದಾಟಿದ ಒಬ್ಬ ಹೆಂಗಸು ಮಾತ್ರ ಅಷ್ಟೂ ಜನರ ನಗೆಯ ನಡುವೆ ತನ್ನ ನಾಲಿಗೆಯನ್ನು ತಾನೇ ಹಿಡಿದು ತಿದ್ದಿಕೊಂಡಳು. ಅದನ್ನೂ ಈಗ ಇಲ್ಲ ಅನ್ನಿಸುತ್ತಿದ್ದರು.

"ನೋಡ್ತಿದ್ರು," ಎಂದೆ.

ಟೇಲರು ಕೇಳಿಸದವನಂತೆ ಮುಖ ಮಾಡಿದ.

"ಜಾತಿ ನೋಡ್ತಿದ್ರು ಅಕ್ಕ. ನಿಮ್ಮಂಗೇ. ಆಮೇಲೆ ಬಿಟ್ರು. ಬಿಟ್ಟಿದ್ದನ್ನ ಹೇಳಿ. ಮೊದಲಿಂದ ಇರಲೇ ಇಲ್ಲ ಅಂದ್ರೆ ಅವರು ಪ್ರಯಾಸಪಟ್ಟದ್ದೆಲ್ಲ ಏನಾಯ್ತು?"

"ಸತ್ತ ಮನ್ಯಾಗ ಯಾಕ್ರೀ ಮೇಡಂ ಆ ಮಾತು," ಎಂದರು ಸಾವಕಾರರು, ಮೆಲ್ಲಗೆ, ನನಗೆ ಬುದ್ಧಿ ಹೇಳುವಂತೆ. ಅಮ್ಮ ನನ್ನ ಸೆರಗು ಎಳೆದಳು.

ಆಗ ಅಕ್ಕನ ಗಂಡ ತಲೆ ಎತ್ತಿದರು. ಅವರ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅಂದೇ.

"ಅಂಗಡಿಗೆ ಬಂದೋರು ನಗ್ತಿದ್ರವ್ವ. ಹೊಲಸು ಮಾಲಿಗೆ ನಿನ್ನ ಹೇಣ್ತಿ ಹೆಸರು ಇಟ್ಟಾರ ಅಂತ. ಕೆಲಸ ಸರಿ ಮಾಡಂಗಿಲ್ಲೇನೋ, ವಯಸ್ಸಾತು, ಕಣ್ಣು ಮಂದ ಆಗ್ಯಾವ ಅಂದ್ಕೊಂಡೆ ನಾನು. ಒಂದ್ಸಲ ಕೇಳಿದ್ದಕ್ಕ, ಬಿಡ್ರಿ ಅಂತ ನಕ್ಕಳು. ಆಮ್ಯಾಲೆ ಕೇಳಲಿಲ್ಲ. ಆಕಿ ಕೆಲಸ ಬರದಾಕಿ ಅಂತ ಇಷ್ಟು ವರ್ಷ…" ಮಾತು ನಿಲ್ಲಿಸಿ ನನ್ನನ್ನು ನೋಡಿದರು. "ಯಾಕ ಇಟ್ಟಿದ್ರವ್ವ ಆ ಹೆಸರು? ನೀ ಹೇಳು."

ಟೇಲರು ಎದ್ದು ನಿಂತ. ಹೊರಗೆ ಗಾಡಿಯ ಕಡೆ ಹೋಗಬೇಕೆಂದು ಏನೋ ಗೊಣಗಿದ.

"ಕೂತ್ಕೊಳ್ಳಿ," ಎಂದೆ. "ನೀವೂ ಕೇಳಬೇಕು ಇದನ್ನ."

ಅವನು ಬಾಗಿಲ ಹತ್ತಿರವೇ ಕೂತ. ನಾನು ಅಕ್ಕನ ಗಂಡನ ಎದುರಿಗೆ ಚಾಪೆಯ ಮೇಲೆ ಕೂತು, ಆ ಮೂಲೆಯ ಹಳೆಯ ಹೆಸರಿನಿಂದಲೇ ಶುರುಮಾಡಿದೆ.